ನುಸಿಕೋಣೆಯಲ್ಲಿ ಮೊಟ್ಟೆ ನಿಂತಾಗ

ಇಪ್ಪತ್ತೆರಡು ವರ್ಷ ನುಸಿ ಸಾಕಿದೆ ಎಂದರೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಸ್ವಲ್ಪ ಸರಿದು ಕೂರುತ್ತಾರೆ. ಅವರ ತಪ್ಪಲ್ಲ. ನಾನೂ ಜೀವಶಾಸ್ತ್ರದ ಡಿಗ್ರಿ ಹಿಡಿದುಕೊಂಡು ಕೆಲಸಕ್ಕೆ ಸೇರಿದ ಮೊದಲ ವಾರ ರಾತ್ರಿಯೆಲ್ಲ ಮೈ ಕೆರೆದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಾವು ಸಾಕುವ ನುಸಿಗೆ ಮನುಷ್ಯರಲ್ಲಿ ಯಾವ ಆಸಕ್ತಿಯೂ ಇಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಬಣ್ಣದ ಚಿತ್ರಗಳಿರುವ ಕೈಪಿಡಿ ಕೊಡುತ್ತಾರೆ. ಚೆನ್ನಾಗಿದೆ, ಓದಿ. ಆದರೆ ಅದರಲ್ಲಿ ತಪ್ಪು ಮಾಡುವುದು ಹೇಗೆ ಎಂದು ಬರೆದಿಲ್ಲ. ಆ ವಿಷಯದಲ್ಲಿ ನನಗೆ ಒಳ್ಳೆಯ ಅನುಭವವಿದೆ. ಮುಖ್ಯವಾಗಿ ಒಂದು ತಪ್ಪಿನ ಬಗ್ಗೆ ಹೇಳಬೇಕು. ಅದರಿಂದ ಒಬ್ಬ ಹೆಂಗಸು ಹದಿನಾರು ದಿನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರಬೇಕಾಯಿತು.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಗುಲಾಬಿ, ಬೀನ್ಸ್, ಬದನೆ ಗಿಡಗಳ ಎಲೆಯ ಕೆಳಗೆ ಕೂತು ರಸ ಹೀರುವ ಒಂದು ಕೆಂಪು ನುಸಿ ಇದೆ. ಬರಿಗಣ್ಣಿಗೆ ಕೆಂಪು ಧೂಳಿನ ಹಾಗೆ ಕಾಣುತ್ತದೆ. ಎಲೆಯ ಮೇಲೆ ಬಲೆ ಕಟ್ಟಿತೆಂದರೆ ಗಿಡದ ಕಥೆ ಮುಗಿದಂತೆ. ಅದನ್ನು ಹಿಡಿದು ತಿನ್ನುವ ಇನ್ನೊಂದು ನುಸಿ ಇದೆ. ಅದು ಗೋಧಿಬಣ್ಣದ್ದು, ಮೈ ಹೊಳೆಯುತ್ತದೆ, ಒಂದು ಗಳಿಗೆಯೂ ಸುಮ್ಮನಿರದೆ ಓಡಾಡುತ್ತದೆ. ನಾವು ಎರಡನ್ನೂ ಸಾಕುತ್ತಿದ್ದೆವು. ಒಂದು ಕೋಣೆಯಲ್ಲಿ ಬೀನ್ಸ್ ಗಿಡ ಬೆಳೆಸಿ ಅದಕ್ಕೆ ಕೆಂಪು ನುಸಿ ಹತ್ತಿಸುವುದು. ಆ ಎಲೆಗಳನ್ನು ಕಿತ್ತು ಇನ್ನೊಂದು ಕೋಣೆಯಲ್ಲಿರುವ ಬೇಟೆ ನುಸಿಗಳಿಗೆ ಊಟಕ್ಕೆ ಹಾಕುವುದು. ಬೇಟೆ ನುಸಿ ಹೆಚ್ಚಾದಾಗ ಬಾಟಲಿಗೆ ತುಂಬಿ ಹೂವಿನ ತೋಟದವರಿಗೆ ಕಳುಹಿಸುವುದು. ಇಷ್ಟೇ. ಕುರಿ ಸಾಕಿ ಹುಲಿಗೆ ಹಾಕುವ ಕೆಲಸ, ಎರಡೂ ಸಾಸಿವೆಗಿಂತ ಚಿಕ್ಕವು ಎನ್ನುವುದು ಬಿಟ್ಟರೆ.

ನಮ್ಮ ಶೆಡ್ಡು ದೊಡ್ಡನೆಕ್ಕುಂದಿಯಲ್ಲಿ ಒಂದು ಯಂತ್ರದ ಕಾರ್ಖಾನೆಯ ಹಿಂಭಾಗದಲ್ಲಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಹಲಸೂರಿನಿಂದ ಹೋಗುವುದೆಂದರೆ ಎರಡು ಬಸ್ಸು, ಕಾಲು ಗಂಟೆ ನಡಿಗೆ, ನಡುವೆ ಒಂದು ರೈಲ್ವೆ ಗೇಟು. ಗೇಟು ಬಿದ್ದಿದ್ದರೆ ದೇವರೇ ಗತಿ. ನನ್ನ ಅರ್ಧ ಆಯುಷ್ಯ ಆ ಗೇಟಿನ ಮುಂದೆ ನಿಂತು ಕಳೆದಿದೆ.

ನಮ್ಮ ಮುಖ್ಯಸ್ಥರು ಸೆಲ್ವರಾಜ್ ಸಾರ್. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು. ತಮಿಳಿನಲ್ಲಿ ಬೈದು, ಇಂಗ್ಲಿಷಿನಲ್ಲಿ ವಿವರಿಸಿ, ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಸಮಾಧಾನದ ಸರದಿ ಅಪರೂಪಕ್ಕೆ ಬರುತ್ತಿತ್ತು. ಅವರ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್ ಇರುತ್ತಿತ್ತು. ಯಾವ ತಟ್ಟೆಗೆ ಯಾವ ದಿನ ಯಾರು ಏನು ಹಾಕಿದರು ಎಂಬುದೆಲ್ಲ ಅದರಲ್ಲಿ ಬರೆಯಬೇಕು. ಪೆನ್ಸಿಲಿನಲ್ಲಿ ಬರೆದರೆ ಅವರಿಗೆ ಕೋಪ ಬರುತ್ತಿತ್ತು. ಅಳಿಸಬಹುದಾದದ್ದು ದಾಖಲೆಯಲ್ಲ ಎನ್ನುತ್ತಿದ್ದರು.

ಇನ್ನೊಬ್ಬಳು ಶರಣಮ್ಮ. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಬಂದಾಗ ಅವಳೂ ಮಗಳನ್ನು ಕಟ್ಟಿಕೊಂಡು ಬಂದು ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಬೀನ್ಸ್ ಬಿತ್ತುವುದು, ಎಲೆ ಕೀಳುವುದು, ತಟ್ಟೆ ತೊಳೆಯುವುದು ಅವಳ ಕೆಲಸ. ಓದು ಬರಹ ಇರಲಿಲ್ಲ. ಆದರೆ ಮಸೂರದಲ್ಲಿ ಒಂದು ಸಲ ನೋಡಿ ಇದು ಗಂಡು, ಇದು ಹೆಣ್ಣು ಎಂದು ಹೇಳುವುದನ್ನು ನನಗಿಂತ ಬೇಗ ಕಲಿತಳು. ನನಗೆ ಆಗ ಇದು ಅಷ್ಟು ಇಷ್ಟವಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಮೊದಲ ತಪ್ಪು ಸ್ವೆಟರಿನದು. ಬೆಳಗ್ಗೆ ಮೊದಲು ನುಸಿ ಹತ್ತದ ಬೀನ್ಸ್ ಸಸಿಗಳ ಕೋಣೆ, ಆಮೇಲೆ ಕೆಂಪು ನುಸಿಯ ಕೋಣೆ, ಕೊನೆಗೆ ಬೇಟೆ ನುಸಿಯ ಕೋಣೆ, ಮತ್ತೆ ಅವತ್ತು ಹಿಂದಕ್ಕೆ ಬರುವಂತಿಲ್ಲ ಎಂಬುದು ನಿಯಮ. ಬಟ್ಟೆಗೆ ಅಂಟಿಕೊಂಡು ಒಂದು ಕಡೆಯದು ಇನ್ನೊಂದು ಕಡೆಗೆ ಹೋಗುತ್ತದೆ. ಡಿಸೆಂಬರಿನ ಒಂದು ಬೆಳಗ್ಗೆ ನಾನು ಕೆಂಪು ನುಸಿಯ ಕೋಣೆಯಿಂದ ಹೊರಬಂದು, ಬೇಟೆ ನುಸಿಯ ಕೋಣೆಯಲ್ಲಿ ಬಿಟ್ಟಿದ್ದ ಚಹಾದ ಫ್ಲಾಸ್ಕು ತರಲು ಒಳಗೆ ಹೋದೆ. ಅದೇ ಸ್ವೆಟರಿನಲ್ಲಿ ಬೀನ್ಸ್ ಸಸಿಗಳ ಕೋಣೆಗೂ ಹೋಗಿ ಬಂದೆ. ಹದಿನೈದು ದಿನದಲ್ಲಿ ಎಲ್ಲ ಸಸಿಗಳ ಮೇಲೂ ಬಲೆ. ಸಾರ್ ತಮಿಳು ಹಂತದಲ್ಲೇ ಅರ್ಧ ಗಂಟೆ ನಿಂತಿದ್ದರು. ಈಗ ನಿಮಗೆ ಬಿಳಿ ಕೋಟು, ಎರಡು ಬಾಗಿಲು, ಪ್ರತಿ ಕೋಣೆಗೆ ಬೇರೆ ಚಪ್ಪಲಿ ಎಲ್ಲ ಇವೆ. ಅವೆಲ್ಲ ಅಂಥ ಸ್ವೆಟರುಗಳಿಂದ ಬಂದವು.

ಬಾಟಲಿ ಸಾಗಿಸುವುದೂ ಆಗ ನಮ್ಮದೇ ತಲೆನೋವು. ಕೊರಿಯರ್ ನಂಬುವ ಹಾಗಿರಲಿಲ್ಲ, ಬಿಸಿಲಿಗೆ ಸತ್ತುಹೋಗುತ್ತಿದ್ದವು. ನಾನೇ ಊಟದ ಬುಟ್ಟಿಯಲ್ಲಿ ಐಸ್ ಇಟ್ಟು ಅದರ ಮೇಲೆ ಬಾಟಲಿಗಳನ್ನು ಜೋಡಿಸಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಒಮ್ಮೆ ಶಿವಾಜಿನಗರದಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಬುಟ್ಟಿಯಲ್ಲಿ ಏನಮ್ಮಾ ಎಂದು ಕೇಳಿದ. ಜೀವಂತ ಹುಳ ಎಂದೆ. ಕೆ.ಆರ್. ಪುರದವರೆಗೂ ಮೂರು ಜನರ ಸೀಟಿನಲ್ಲಿ ಒಬ್ಬಳೇ ಕೂತು ಹೋದೆ.

ಹೊಸಕೋಟೆ ಕಡೆ ಗುಲಾಬಿ ಬೆಳೆಯುತ್ತಿದ್ದ ಮುನಿರಾಜು ನಮ್ಮ ಮೊದಲ ದೊಡ್ಡ ಗಿರಾಕಿ. ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಮನೆಗಳಲ್ಲಿ ಬೆಳೆದು, ವಿಮಾನದಲ್ಲಿ ಹೊರದೇಶಕ್ಕೆ ಹೂವು ಕಳುಹಿಸುತ್ತಿದ್ದ. ಔಷಧಿ ಹೊಡೆದೂ ಹೊಡೆದೂ ಕೆಂಪು ನುಸಿ ಸಾಯುವುದನ್ನೇ ಬಿಟ್ಟಿತ್ತು. ನಾವು ಬೇಟೆ ನುಸಿ ಬಿಟ್ಟು ಬಂದೆವು. ಹತ್ತು ದಿನ ಕಳೆದು ಹೋಗಿ ನೋಡಿದರೆ ಒಂದೂ ಇಲ್ಲ. ವಿಚಾರಿಸಿದರೆ, ನಿಮ್ಮ ಹುಳ ನಿಧಾನವಾಗಿ ತಿನ್ನುತ್ತಿತ್ತು ಮೇಡಂ, ಸ್ವಲ್ಪ ಸಹಾಯ ಆಗಲಿ ಅಂತ ಮಾರನೇ ದಿನ ಔಷಧಿಯನ್ನೂ ಹೊಡೆಸಿದೆ ಎಂದ. ಸಹಾಯಕ್ಕೆ ನಮ್ಮವೆಲ್ಲ ಸತ್ತು, ಅವನವು ಗಟ್ಟಿಯಾಗಿ ಉಳಿದಿದ್ದವು. ಆದರೂ ಮನುಷ್ಯ ಒಳ್ಳೆಯವನು. ಇನ್ನೊಂದು ಸಲ ನೋಡೋಣ, ಫೆಬ್ರವರಿ ಹೂವಿನ ಸೀಸನ್ನಿಗೆ ಮುಂಚೆ ಬಾಟಲಿ ಕೊಡಿ, ಔಷಧಿ ಡಬ್ಬವನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಆ ಮಾತಿನಿಂದಲೇ ನನ್ನ ದೊಡ್ಡ ತಪ್ಪು ಶುರುವಾಯಿತು.

ಅದು ತೊಂಬತ್ತರ ದಶಕದ ಕೊನೆ. ಡಿಸೆಂಬರಿನ ಹೊತ್ತಿಗೆ ನಮ್ಮ ಬೇಟೆ ನುಸಿಗಳು ಯಾಕೋ ಮಂಕಾಗಿದ್ದವು. ಮೊಟ್ಟೆ ಇಡುತ್ತಿದ್ದವು, ಆದರೆ ಹಿಂದಿನ ಚುರುಕು ಇರಲಿಲ್ಲ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಅದೇ ಸಂಸಾರ ಬೆಳೆದು ಹಾಗಾಗುತ್ತದೆ. ಆಗ ಹೊರಗಿನ ಗಿಡಗಳಿಂದ ಅದೇ ಜಾತಿಯವನ್ನು ಹಿಡಿದು ತಂದು ಸೇರಿಸುವ ಪದ್ಧತಿ ಇತ್ತು. ಹೊಸ ರಕ್ತ ಹಾಕುವುದು ಎನ್ನುತ್ತಿದ್ದೆವು. ಸಾರ್ ಮೂರು ವಾರ ಬೇರೆ ರಾಜ್ಯಕ್ಕೆ ತರಬೇತಿ ಕೊಡಲು ಹೊರಟಿದ್ದರು. ಹೊರಡುವ ಮುಂಚೆ ನನ್ನನ್ನು ಕರೆದು, ಹೊರಗಿನವು ಸಿಕ್ಕರೆ ಬೇರೆ ಕೋಣೆಯಲ್ಲಿ ಮೂರು ತಲೆಮಾರು ಬೆಳೆಸು, ನಾನು ಬಂದು ಮೈಕ್ರೋಸ್ಕೋಪಿನ ಸ್ಲೈಡಿನಲ್ಲಿ ನೋಡಿದ ಮೇಲೆ ಸೇರಿಸು ಎಂದು ಹೇಳಿಹೋದರು.

ನಮ್ಮಕ್ಕನ ಮನೆ ಇಂದಿರಾನಗರದಲ್ಲಿ. ಪಕ್ಕದ ಖಾಲಿ ಸೈಟಿನಲ್ಲಿ ಹರಳುಗಿಡಗಳು ಆಳೆತ್ತರ ಬೆಳೆದಿದ್ದವು. ಒಂದು ಭಾನುವಾರ ಎಲೆ ತಿರುಗಿಸಿ ನೋಡಿದರೆ ಕೆಂಪು ನುಸಿಯ ನಡುವೆ ನಮ್ಮ ಬೇಟೆ ನುಸಿಗಳು ಓಡಾಡುತ್ತಿವೆ. ಅದೇ ಬಣ್ಣ, ಅದೇ ಹೊಳಪು, ಅದೇ ಓಟ. ಕುಣಿದಾಡಿಬಿಟ್ಟೆ. ಸೋಮವಾರ ಎಲೆಗಳನ್ನು ಕವರಿನಲ್ಲಿ ತುಂಬಿ ಶೆಡ್ಡಿಗೆ ತಂದೆ. ಬೇರೆ ಇಟ್ಟು ಮೂರು ತಲೆಮಾರು ಕಾಯಲು ಕೂತರೆ ಮುನಿರಾಜುವಿನ ಫೆಬ್ರವರಿ ಮುಗಿದುಹೋಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲವೇ, ಇವು ನಮ್ಮವೇ ಎಂದುಕೊಂಡೆ. ಎಲ್ಲ ತಟ್ಟೆಗಳಿಗೂ ಹಂಚಿದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಚೆನ್ನಾಗಿ ಮೊಟ್ಟೆ ಬಂದ ಮೇಲೆ ಸಾರಿಗೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳೋಣ ಎಂಬ ಆಸೆ.

ಹಂಚುವಾಗ ಶರಣಮ್ಮ ಪಕ್ಕದಲ್ಲಿದ್ದಳು. ಎಲ್ಲಾದಕ್ಕೂ ಹಾಕುತ್ತೀರೇನು ಎಂದು ಕೇಳಿದಳು. ಹೂಂ, ಎಲ್ಲದಕ್ಕೂ ಎಂದೆ. ಅವಳು ಬುಟ್ಟಿ ಎತ್ತಿಕೊಂಡು ತೊಳೆಯುವ ಕೋಣೆಗೆ ಹೋದಳು.

ಹತ್ತು ದಿನದಲ್ಲಿ ಮೊಟ್ಟೆ ಕಡಿಮೆಯಾದವು. ಬೇಟೆ ನುಸಿಯ ಮೊಟ್ಟೆ ಉದ್ದುದ್ದ, ಕೆಂಪು ನುಸಿಯದು ದುಂಡಗೆ, ಹಾಗಾಗಿ ಎಣಿಕೆಯಲ್ಲಿ ತಪ್ಪಾಗುವುದಿಲ್ಲ. ದುಂಡಗಿನವು ಬೇಕಾದಷ್ಟಿದ್ದವು, ಉದ್ದನೆಯವು ದಿನದಿಂದ ದಿನಕ್ಕೆ ಇಳಿದವು. ಸಾರ್ ವಾಪಸು ಬರುವ ಹೊತ್ತಿಗೆ ಒಂದು ತಟ್ಟೆಯಲ್ಲಿ ಹುಡುಕಿದರೆ ಒಂದೋ ಎರಡೋ ಸಿಗುತ್ತಿದ್ದವು. ಹೆಣ್ಣುಗಳು ಬದುಕಿವೆ, ತಿನ್ನುತ್ತಿವೆ, ಓಡಾಡುತ್ತಿವೆ, ಮೊಟ್ಟೆ ಮಾತ್ರ ಇಲ್ಲ. 

ಸಾರ್ ನೀರು ನೋಡಿದರು, ಎಲೆ ನೋಡಿದರು, ಕೋಣೆಯ ಬಿಸಿ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, ನಾನಿಲ್ಲದಾಗ ಈ ಕೋಣೆಗೆ ಹೊಸದಾಗಿ ಏನಾದರೂ ಬಂದಿದೆಯಾ ಎಂದು ಕೇಳಿದರು. ಬಾಯಿ ಬಿಡಬೇಕಾದ ಗಳಿಗೆ ಅದೇ. ಶರಣಮ್ಮ ಬಾಗಿಲ ಹತ್ತಿರ ತಟ್ಟೆ ಒರೆಸುತ್ತಿದ್ದಳು. ನಾನು ಅವಳ ಕೂದಲ ಕಡೆ ನೋಡಿದೆ. ಅವಳು ಆಚೆಗೆ ಹೋದ ಮೇಲೆ, ಒಂದೆರಡು ವಾರದಿಂದ ಅವಳ ತಲೆಯಲ್ಲಿ ಬೇವಿನೆಣ್ಣೆ ವಾಸನೆ ಬರುತ್ತಿದೆ ಸಾರ್ ಎಂದೆ.

ನಾನು ಸುಳ್ಳು ಹೇಳಲಿಲ್ಲ. ಹಾಗಾಗಿಯೇ ಅದು ಇನ್ನೂ ಕೆಟ್ಟದ್ದು. ಅವಳ ಮಗಳಿಗೆ ಹೇನಾಗಿತ್ತು, ತಾಯಿ ಮಗಳು ಇಬ್ಬರೂ ಎಣ್ಣೆ ಹಚ್ಚಿಕೊಂಡಿದ್ದರು. ಬೇವು ತಗುಲಿದರೆ ನುಸಿ ಮೊಟ್ಟೆ ನಿಲ್ಲಿಸುತ್ತದೆ ಎಂಬುದೂ ನಿಜ. ಶೆಡ್ಡಿಗೆ ಬೇವು ತರಬಾರದೆಂಬ ಬೋರ್ಡು ಬಾಗಿಲಲ್ಲೇ ಇತ್ತು. ಓದಲು ಬರದವಳಿಗೆ ಅದನ್ನು ಓದಿ ಹೇಳಬೇಕಾದವಳು ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸಾರ್ ಅವತ್ತೇ ಶರಣಮ್ಮನನ್ನು ಕರೆದು, ತಲೆಯ ಬೇವಿನೆಣ್ಣೆಯಿಂದ ಮೊಟ್ಟೆ ನಿಂತಿದೆ, ನಾಳೆಯಿಂದ ಬರುವುದು ಬೇಡ ಎಂದರು. ಅವಳು ಅಳಲಿಲ್ಲ, ವಾದ ಮಾಡಲಿಲ್ಲ. ಸಂಜೆಯವರೆಗೆ ಇದ್ದು ಕೆಲಸ ಮುಗಿಸಿ ಹೋಗಲೇ ಎಂದು ಕೇಳಿದಳು. ನನಗೆ ಆಗ ಅನ್ನಿಸಿದ್ದನ್ನು ಹೇಳಬೇಕೆಂದರೆ, ಬಚಾವಾದೆ ಎನ್ನಿಸಿತು. ನಾಚಿಕೆ ಆಮೇಲೆ ಬಂತು.

ಎಲ್ಲವನ್ನೂ ತೊಳೆದೆವು. ಹೊಸ ಸ್ಪಂಜು, ಹೊಸ ಎಲೆ, ಹೊಸ ನೀರು. ತಟ್ಟೆಯಲ್ಲಿ ನೀರು ತುಂಬಿ ನಡುವೆ ಸ್ಪಂಜು ಇಟ್ಟು ಅದರ ಮೇಲೆ ಎಲೆ ಹರಡುವುದು ಆಗಿನ ಕ್ರಮ, ನೀರು ದಾಟಿ ನುಸಿ ಎಲ್ಲಿಗೂ ಹೋಗಲಾರದು. ಬೇವಿನದೇ ತೊಂದರೆಯಾಗಿದ್ದರೆ ವಾರದಲ್ಲಿ ಮೊಟ್ಟೆ ಬರಬೇಕು ಎಂದರು ಸಾರ್. ವಾರ ಕಳೆಯಿತು. ಬರಲಿಲ್ಲ.

ಆಗ ನಾನು ಎಣಿಸುವುದನ್ನು ಬಿಟ್ಟು ನೋಡಲು ಕೂತೆ. ನಿಮಗೆ ನಾನು ಕೊಡಬಹುದಾದ ಬುದ್ಧಿಮಾತು ಒಂದೇ ಇದ್ದರೆ ಇದು. ಎಣಿಕೆ ಏನಾಯಿತು ಎಂದು ಹೇಳುತ್ತದೆ, ಯಾಕಾಯಿತು ಎಂದು ಹೇಳುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಒಂದೇ ಎಲೆಯನ್ನು ಇಡೀ ಬೆಳಗ್ಗೆ ನೋಡಿದೆ. ಗಂಡುಗಳು ಹೆಣ್ಣುಗಳನ್ನು ಹುಡುಕುತ್ತಿವೆ, ಜೋಡಿಯಾಗುತ್ತಿವೆ, ಗಂಟೆಗಟ್ಟಲೆ ಜೋಡಿಯಾಗಿಯೇ ಇವೆ. ಸಂಸಾರವೇನೋ ನಡೆಯುತ್ತಿದೆ, ತೊಟ್ಟಿಲು ಮಾತ್ರ ಖಾಲಿ.

ಆಗ ಹರಳುಗಿಡದ ಎಲೆಗಳು ನೆನಪಾದವು. ಹತ್ತು ಹೆಣ್ಣುಗಳನ್ನು ಸ್ಲೈಡಿಗೆ ಹಾಕಿದೆ. ಗಂಡಿನಿಂದ ಪಡೆದದ್ದನ್ನು ಹೆಣ್ಣು ಕೂಡಿಟ್ಟುಕೊಳ್ಳುವ ಒಂದು ಪುಟ್ಟ ಚೀಲ ಒಳಗಿರುತ್ತದೆ. ನಮ್ಮ ಜಾತಿಗೆ ಅದು ಗಂಟೆಯ ಆಕಾರ. ಆರರಲ್ಲಿ ಗಂಟೆ ಇತ್ತು. ನಾಲ್ಕರಲ್ಲಿ ಸಣ್ಣ ಕೊಳವೆಯ ಹಾಗಿತ್ತು. ಹರಳುಗಿಡದಿಂದ ನಾನು ತಂದದ್ದು ನಮ್ಮ ನುಸಿಯಲ್ಲ, ಅದರ ದಾಯಾದಿ. ಹೊರಗಿನಿಂದ ಒಂದೇ ಥರ, ಒಳಗೆ ಬೇರೆ ಮನೆತನ. ಗಂಡುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎದುರು ಬಂದ ಹೆಣ್ಣನ್ನು ಕೂಡುತ್ತವೆ. ಈ ನುಸಿಗಳಲ್ಲಿ ಹೆಣ್ಣು ಕೂಡದೆ ಮೊಟ್ಟೆ ಇಡುವುದಿಲ್ಲ. ದಾಯಾದಿಯ ಜೊತೆ ಕೂಡಿದರೂ ಮೊಟ್ಟೆ ಕಟ್ಟುವುದಿಲ್ಲ. ಎರಡು ಕುಲವೂ ಒಂದನ್ನೊಂದು ತಿನ್ನದೆ, ಕಚ್ಚದೆ, ಬರೀ ತಪ್ಪು ಮದುವೆಗಳಿಂದ ಮುಗಿದುಹೋಗುತ್ತಿದ್ದವು. ನಮ್ಮ ಒಂದು ತಟ್ಟೆಯೂ ಶುದ್ಧವಾಗಿ ಉಳಿದಿರಲಿಲ್ಲ. ನಾನೇ ಎಲ್ಲದಕ್ಕೂ ಹಂಚಿದ್ದೆನಲ್ಲ.

ಸಾರಿಗೆ ಹೇಳುವ ಧೈರ್ಯವಿರಲಿಲ್ಲ. ಶರಣಮ್ಮನ ಮುಖ ನೋಡದೆ ಇರಲೂ ಆಗಲಿಲ್ಲ. ಅವಳು ಹೋಗಿ ಒಂಬತ್ತನೇ ದಿನ, ಶೆಡ್ಡಿಗೆ ರಜೆಯಿದ್ದಾಗ, ಕಗ್ಗದಾಸಪುರಕ್ಕೆ ಹೋದೆ. ಒಂದೇ ಸಾಲಿನಲ್ಲಿ ಏಳೆಂಟು ಕೋಣೆ, ಹೊರಗೆ ಒಂದು ನಲ್ಲಿ. ಅವಳು ಬಾಗಿಲಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. 

"ಅಕ್ಕಾರ, ಆ ತಟ್ಟಿಗಿ ಎಲಿ ಹಾಕ್ಯಾರೇನ್ರಿ ಯಾರರೆ?" ಎಂದಳು.

ಯಾವ ತಟ್ಟೆ ಎಂದೆ.

"ತೊಳಿಯೋ ಖೋಲ್ಯಾಗ, ತೆಂಗಿನ ನಾರಿನ ಚೀಲದ ಹಿಂದ, ಬುಟ್ಟಿ ಡಬ್ಬ ಹಾಕೀನಲ್ರಿ. ಹಳೇವು ಅದಾವ ಅದ್ರಾಗ. ನೀವು ಹೊಸಾವು ಹಾಕೋಕಿಂತ ಮೊದ್ಲ ತೆಗದಿಟ್ಟಿದ್ದೆ."

ಯಾರು ಹೇಳಿದ್ದು ನಿಮಗೆ, ಯಾಕೆ ತೆಗೆದಿಟ್ಟಿರಿ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮತ್ತೊಬ್ರ ಮನಿ ಹೆಪ್ಪು ತಂದ್ರ, ನಮ್ಮ ಮನಿ ಹಳೇ ಹೆಪ್ಪು ಒಂದೀಟು ತೆಗದಿಡಲ್ದ ಹಾಕ್ತಾರೇನ್ರಿ? ಹೊಸಾದು ಕೆಟ್ಟಿತ್ತಂದ್ರ ಮಜ್ಜಿಗಿಗಿ ಎಲ್ಲಿ ಹೋಗೋದು?"

ಅಲ್ಲಿ ನಿಲ್ಲಲಿಲ್ಲ ನಾನು. ಕ್ಷಮೆ ಕೇಳಲು ಹೋದವಳು ಕ್ಷಮೆ ಕೇಳದೆ ಓಡಿದೆ. ಆಟೋ ಸಿಕ್ಕಿತು. ರೈಲ್ವೆ ಗೇಟು, ಪುಣ್ಯಕ್ಕೆ, ಅವತ್ತು ತೆರೆದಿತ್ತು. ಕಾವಲುಗಾರನಿಂದ ಬಾಗಿಲು ತೆಗೆಸಿ ತೊಳೆಯುವ ಕೋಣೆಗೆ ಹೋದರೆ, ನಾರಿನ ಚೀಲಗಳ ಹಿಂದೆ ಬುಟ್ಟಿ ಬೋರಲಾಗಿತ್ತು. ಎತ್ತಿದೆ. ತಟ್ಟೆಯ ನೀರು ತಳ ಕಂಡಿತ್ತು. ಎಲೆಗಳು ಹಳದಿಯಾಗಿ ಮುದುರಿದ್ದವು. ಹೋಗುವ ದಿನ ಸಂಜೆ ಅವಳು ಕೆಂಪು ನುಸಿ ತುಂಬಿದ ಎಲೆಗಳನ್ನು ಮೂರು ಪದರ ಹಾಕಿ ಹೋಗಿದ್ದಳು. ಕೆಲಸ ಮುಗಿಸಿ ಹೋಗಲೇ ಎಂದು ಕೇಳಿದ್ದು ಇದಕ್ಕೆ.

ಮೇಲಿನ ಎರಡು ಪದರಗಳಲ್ಲಿ ಏನೂ ಇರಲಿಲ್ಲ. ಮಸೂರ ತಂದು ಕೆಳಗಿನದನ್ನು ತಿರುಗಿಸಿದೆ. ಮೂರನೆಯ ಎಲೆಯ ನಡುನರದ ಪಕ್ಕದಲ್ಲಿ ಒಂದು ಓಡಿತು. ಆಮೇಲೆ ಇನ್ನೊಂದು. ಒಟ್ಟು ಹತ್ತೊಂಬತ್ತು ಬದುಕಿದ್ದವು, ಸಣಕಲಾಗಿ, ಹಸಿದು. ಮತ್ತು ನರದ ಮೂಲೆಯಲ್ಲಿ ಮೂರು ಮೊಟ್ಟೆ. ಉದ್ದನೆಯವು. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದು ಅಂದುಕೊಂಡಿದ್ದೆ. ತೊಳೆಯುವ ಕೋಣೆಯ ನೆಲದ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಕಾವಲುಗಾರ ಬಂದು, ಯಾರಾದ್ರೂ ಹೋಗ್ಬಿಟ್ರಾ ಮೇಡಂ ಎಂದು ವಿಚಾರಿಸಿದ. ಇಲ್ಲಪ್ಪ, ಇದ್ದಾರೆ ಎಂದೆ.

ಆಮೇಲಿನ ವಾರದಲ್ಲಿ ನಾನು ಮಾಡಿದ್ದು ಸರಳ. ಆ ತಟ್ಟೆಯ ಮರಿಗಳನ್ನೂ ಮೊಟ್ಟೆಗಳಿಂದ ಹುಟ್ಟಿದವನ್ನೂ ಒಂದೊಂದಾಗಿ ಬೇರೆ ಎಲೆತುಂಡುಗಳ ಮೇಲೆ ಬೆಳೆಸಿದೆ. ಕೆಲವು ಹೆಣ್ಣುಗಳಿಗೆ ನಮ್ಮ ಗಂಡು ಬಿಟ್ಟೆ, ಕೆಲವಕ್ಕೆ ಹರಳುಗಿಡದಿಂದ ಮತ್ತೆ ತಂದ ಗಂಡು ಬಿಟ್ಟೆ. ನಮ್ಮದರ ಜೊತೆ ಕೂಡಿದವು ಮಾರನೇ ದಿನವೇ ಮೊಟ್ಟೆಯಿಟ್ಟವು. ದಾಯಾದಿಯ ಜೊತೆ ಕೂಡಿದವು ಇಡಲೇ ಇಲ್ಲ. ಅವುಗಳಿಗೆ ಆಮೇಲೆ ನಮ್ಮ ಗಂಡನ್ನು ಬಿಟ್ಟರೆ ಹೆಚ್ಚಿನವು ಹತ್ತಿರ ಸೇರಿಸಲಿಲ್ಲ. ಮದುವೆ ಆಯಿತಲ್ಲ ಎನ್ನುವ ಹಾಗೆ ಮುಖ ತಿರುಗಿಸಿದವು. ಪುರಾವೆ ಬೇಕು ಎಂದು ಇದನ್ನೆಲ್ಲ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ ಹೆದರಿಕೆ. ಹೇಳುವುದನ್ನು ಒಂದೊಂದು ದಿನವಾಗಿ ಮುಂದೆ ತಳ್ಳುತ್ತಿದ್ದೆ, ಅಷ್ಟು ದಿನವೂ ಅವಳು ಮನೆಯಲ್ಲಿ ಕೂತಿದ್ದಳು.

ಹದಿನಾರನೇ ದಿನ ಸಾರ್ ಮುಂದೆ ಸ್ಲೈಡುಗಳು, ಎಲೆತುಂಡುಗಳು ಎಲ್ಲವನ್ನೂ ಇಟ್ಟು ಒಂದೇ ಉಸಿರಿಗೆ ಹೇಳಿದೆ. ಹರಳುಗಿಡ, ಹಂಚಿದ್ದು, ಬರೆಯದಿದ್ದದ್ದು, ಬೇವಿನೆಣ್ಣೆ. ಅವರು ಸ್ಲೈಡುಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ತಮಿಳು ಶುರುವಾಗುತ್ತದೆ ಎಂದು ಕಾಯುತ್ತಿದ್ದೆ. ಶುರುವಾಗಿದ್ದು ಕನ್ನಡ.

"ಆಯಮ್ಮ ಎಷ್ಟು ದಿನದಿಂದ ಮನೇಲಿದಾರೆ?"

"ಹದಿನಾರು ದಿನ ಸಾರ್."

"ಮನೆ ಗೊತ್ತಾ ನಿಂಗೆ? ಬಾ, ತೋರ್ಸು. ಕಳ್ಸಿದ್ದು ನಾನು. ನಾನೇ ಹೋಗಿ ಕರೀಬೇಕಲ್ವಾ?"

ಸ್ಕೂಟರಿನಲ್ಲಿ ಹಿಂದೆ ಕೂತು ದಾರಿ ತೋರಿಸಿದೆ. ಸಾರ್ ಆ ನಲ್ಲಿಯ ಹತ್ತಿರ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತು, ತಪ್ಪು ನಮ್ಮದು, ನಿಮ್ಮ ತಟ್ಟೆಯಿಂದಲೇ ಎಲ್ಲ ಉಳಿದಿದೆ, ನಾಳೆಯಿಂದ ಬನ್ನಿ ಎಂದು ಹೇಳಿದರು. ಅವರು ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಶರಣಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು, ಆಗಲಿ ಎಂದಳು. ಮನೆಯಲ್ಲಿ ಕೂತ ದಿನಗಳ ಸಂಬಳವನ್ನೂ ಕೊಡಬೇಕೆಂದು ಸಾರ್ ಆಫೀಸಿಗೆ ಚೀಟಿ ಬರೆದರು. ನನ್ನನ್ನು ರಿಜಿಸ್ಟರ್ ಮುಂದೆ ಕೂರಿಸಿ, ಹರಳುಗಿಡದ ದಿನದಿಂದ ಅವತ್ತಿನವರೆಗೂ ಎಲ್ಲವನ್ನೂ ಶಾಯಿಯಲ್ಲಿ ನನ್ನ ಹೆಸರು ಹಾಕಿ ಬರೆಸಿದರು. ಹನ್ನೊಂದು ಪುಟ. ಬರೆಯುತ್ತಾ ಹೋದ ಹಾಗೆ ಭುಜ ಹಗುರಾಗುತ್ತಾ ಹೋಯಿತು. ಶಿಕ್ಷೆಯನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಅನುಭವಿಸಿಲ್ಲ.

ಮುನಿರಾಜುವಿಗೆ ಆ ಫೆಬ್ರವರಿಯಲ್ಲಿ ಬಾಟಲಿ ಕೊಡಲಾಗಲಿಲ್ಲ. ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವನು ನಗಲು ಶುರು ಮಾಡಿದ. "ಬಿಡಿ ಮೇಡಂ, ನಾನ್ ಔಷಧಿ ಹೊಡ್ದು ಸಾಯ್ಸ್ದೆ, ನೀವ್ ಮದ್ವೆ ಮಾಡ್ಸಿ ಸಾಯ್ಸಿದ್ರಿ. ಲೆಕ್ಕ ಸರಿಹೋಯ್ತು." ಮುಂದಿನ ಸೀಸನ್ನಿಗೆ ಅವನ ಗುಲಾಬಿ ಮನೆಗಳಿಗೆ ಹೋದ ಎಲ್ಲವೂ ಆ ಹತ್ತೊಂಬತ್ತರ ಸಂತಾನ. ಎರಡು ಸಾವಿರದ ಇಸವಿಯ ನಂತರ ನಮ್ಮಲ್ಲಿ ಹವಾನಿಯಂತ್ರಣ ಬಂತು, ಕಂಪ್ಯೂಟರಿನಲ್ಲಿ ಎಣಿಕೆ ಬಂತು, ಬಾಟಲಿಗೆ ನುಸಿಗಳ ಜೊತೆ ಹೊಟ್ಟು ತುಂಬುವ ಯಂತ್ರ ಬಂತು. ಹೊಸದು ಸೇರಿಸುವ ಮುನ್ನ ಹಳೆಯದೊಂದು ತಟ್ಟೆಯನ್ನು ಬೇರೆ ಕಟ್ಟಡದಲ್ಲಿ ಇಡಬೇಕು ಎಂಬ ಸಾಲು ನಿಮ್ಮ ಕೈಪಿಡಿಯಲ್ಲೂ ಇದೆ. ಅದನ್ನು ಯಾರು ಕಲಿಸಿದರು ಎಂದು ಅಲ್ಲಿ ಬರೆದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಒಂದು ಮಾತು ಮಾತ್ರ ಬಾಕಿ ಉಳಿದಿತ್ತು. ಬೇವಿನೆಣ್ಣೆಯ ವಿಷಯವನ್ನು ಸಾರಿಗೆ ಹೇಳಿದವಳು ನಾನು ಎಂದು ಶರಣಮ್ಮನಿಗೆ ಯಾರೂ ಹೇಳಿರಲಿಲ್ಲ. ಸಾರ್ ತಪ್ಪು ನಮ್ಮದು ಎಂದು ಒಟ್ಟಿಗೆ ಸೇರಿಸಿ ಹೇಳಿ ನನ್ನನ್ನು ಉಳಿಸಿದ್ದರು. ಅವಳು ವಾಪಸು ಬಂದ ಮೂರನೇ ದಿನ ಇಬ್ಬರೂ ಎಲೆ ಕೀಳುತ್ತಾ ಕೂತಿದ್ದಾಗ ಇನ್ನು ತಡೆಯಲಾರದೆ ಹೇಳಿದೆ. ಶರಣಮ್ಮ, ಅವತ್ತು ನಿಮ್ಮ ಹೆಸರು ಹೇಳಿದ್ದು ನಾನೇ.

ಅವಳು ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ. "ಗೊತ್ತದರಿ" ಎಂದಳು. "ಅವತ್ತು ನನ್ನ ಕೂದ್ಲ ನೋಡಿದ್ರಲ್ಲ ನೀವು, ಆಗ್ಲೇ ಗೊತ್ತಾತು."

ಗೊತ್ತಿದ್ದೂ, ನಾನು ಮನೆ ಬಾಗಿಲಿಗೆ ಬಂದಾಗ ಆ ತಟ್ಟೆಯ ವಿಷಯ ಯಾಕೆ ಹೇಳಿದಿರಿ, ಸುಮ್ಮನೆ ಇದ್ದಿದ್ದರೆ ನನಗೆ ತಕ್ಕ ಶಾಸ್ತಿಯಾಗುತ್ತಿತ್ತಲ್ಲ ಎಂದು ಕೇಳಿದೆ. ಅವಳು ಕಿತ್ತ ಎಲೆಗಳನ್ನು ಒಟ್ಟು ಮಾಡಿ ನನ್ನ ಮಡಿಲಿಗೆ ಹಾಕಿದಳು.

"ಅವೇನ್ ಮಾಡಿದ್ವುರಿ ಪಾಪ? ನಿಮ್ಮ ಮ್ಯಾಲಿನ ಸಿಟ್ಟಿಗಿ ಹುಳಗೋಳ್ನ ಉಪಾಸ ಕೆಡವ್ಲಿ ಏನು?"